ಊರಿನ ಸುತ್ತಳತೆ

ಆ ಊರಿಗೆ ಬೇಸಿಗೆಯ ಹೊಗೆ ಬರುತ್ತಿದ್ದದ್ದು ದೂರದ ನೆಂಟರು ಬಂದ ಹಾಗೆ. ಕರೆದವರು ಯಾರೂ ಇಲ್ಲ, ಯಾವಾಗ ಹೊರಡುತ್ತೀರಿ ಎಂದು ಕೇಳುವ ಧೈರ್ಯವೂ ಯಾರಿಗೂ ಇಲ್ಲ. ಬಂದದ್ದು ನಡುಮನೆಯಲ್ಲಿ ನಿಲ್ಲದೆ ನೇರ ಮಲಗುವ ಕೋಣೆಗೆ ನುಗ್ಗಿ, ಬೀರುವಿನಲ್ಲಿ ಮಡಿಸಿಟ್ಟ ಬಟ್ಟೆಯೊಳಗೆ ಹೊಕ್ಕು ಕೂರುತ್ತಿತ್ತು. ಊರಿನ ಸುತ್ತಲೂ ಒಣ ಕಾಡು. ವರ್ಷಕ್ಕೊಮ್ಮೆ ಎಲ್ಲೋ ಒಂದು ಗುಡ್ಡ ಉರಿಯುವುದು, ಊರಿನವರು ಹದಿನೈದು ದಿನ ಕೆಮ್ಮುವುದು, ಆಮೇಲೆ ಎಲ್ಲರೂ ಮರೆಯುವುದು, ಇದು ಹಿಂದಿನಿಂದ ನಡೆದುಕೊಂಡು ಬಂದ ವ್ಯವಹಾರ.

ಆ ವರ್ಷ ಮಾತ್ರ ಹೊಗೆ ಒಂದು ತಿಂಗಳು ಮುಂಚೆಯೇ ಬಂತು. ಎರಡು ಗುಡ್ಡದಾಚೆ ಇದ್ದ ಬೆಂಕಿ ಒಂದು ಗುಡ್ಡದಾಚೆಗೆ ಬಂತು. ನಡುಮಧ್ಯಾಹ್ನದ ಸೂರ್ಯ ತುಕ್ಕು ಹಿಡಿದ ತಟ್ಟೆಯಂತೆ ಕಾಣುತ್ತಿದ್ದ. ಕೋಳಿಗಳು ಹನ್ನೆರಡು ಗಂಟೆಗೇ ಕತ್ತಲಾಯಿತೆಂದು ಗೂಡು ಸೇರಿ, ಗಾಳಿ ಬೀಸಿ ಸ್ವಲ್ಪ ಬೆಳಕಾದೊಡನೆ ಮತ್ತೆ ಎದ್ದು ಕೂಗಿ, ದಿನಕ್ಕೆ ಎರಡೆರಡು ಬೆಳಗು ಮಾಡುತ್ತಿದ್ದವು. ಆಗ ಮೇಲಿನಿಂದ ಊರಿನ ಆಫೀಸಿಗೆ ಆರ್ಡರ್ ಬಂತು: ಊರಿನ ಸುತ್ತ ತೊಂಬತ್ತು ಅಡಿ ಅಗಲದ ಬೋಳು ಪಟ್ಟಿ ಆಗಬೇಕು. ಅದರೊಳಗೆ ಸುಡುವಂಥದ್ದು ಏನೂ ಇರಕೂಡದು. ಮರ, ಬೇಲಿ, ಹಲಗೆ, ಒಣಹುಲ್ಲು, ಯಾವುದೂ.

ಕಾಡು ಬೇರೆ ಇಲಾಖೆಯದು. ಆ ಇಲಾಖೆಯವರು ತಮ್ಮ ಗಡಿ ಕಲ್ಲಿನಾಚೆಯ ಒಂದು ಎಲೆಯನ್ನೂ ಮುಟ್ಟಕೂಡದು ಎಂದು ಕಾಗದ ಬರೆದರು. ಆ ಎಲೆಗಳು ಹೇಗೂ ಇನ್ನು ಕೆಲವು ದಿನಗಳಲ್ಲಿ ಉರಿಯುವವೇ ಎಂಬುದು ಬೇರೆ ಮಾತು. ಹಾಗಾಗಿ ಗಡಿ ಕಲ್ಲಿನಿಂದ ಊರಿನ ಕಡೆಗೇ ತೊಂಬತ್ತು ಅಡಿ ಅಳೆದು, ಊರೇ ತನ್ನ ಹೊಟ್ಟೆ ಒಳಗೆಳೆದುಕೊಳ್ಳಬೇಕು ಎಂದು ತೀರ್ಮಾನವಾಯಿತು.

ಅಳೆಯಲು ಸರ್ವೆಯರ್ ಇದ್ದ. ಅವನ ಮೂರು ಕಾಲಿನ ಯಂತ್ರಕ್ಕೆ ಕಣ್ಣಿಟ್ಟರೆ ದೂರದಲ್ಲಿ ಹಿಡಿದ ಕೆಂಪು ಬಿಳಿ ಕೋಲು ಕಾಣಬೇಕು, ಕಂಡರೆ ಅಳತೆ. ಆ ಹೊಗೆಯಲ್ಲಿ ಕೋಲು ಹಾಗಿರಲಿ, ಕೋಲು ಹಿಡಿದ ಜವಾನನೇ ಕಾಣಲಿಲ್ಲ. ಸರ್ವೆಯರ್ ಆರು ದಿನ ಯಂತ್ರದ ಹಿಂದೆ ನಿಂತು ಕಾದ. ಜವಾನ ಆರು ದಿನ ಕೋಲು ಹಿಡಿದು ಕಾದ. ನಡುನಡುವೆ ಇಬ್ಬರೂ "ಇದೀಯೇನಯ್ಯಾ?" "ಇದೀನಿ ಸಾರ್" ಎಂದು ಕೂಗಿಕೊಳ್ಳುತ್ತಿದ್ದರು. ಏಳನೆಯ ದಿನ ಸರ್ವೆಯರ್ ಎದೆನೋವೆಂದು ರಜೆ ಬರೆದುಕೊಟ್ಟು ಊರು ಬಿಟ್ಟ. ಜವಾನನಿಗೆ ಅದನ್ನು ಯಾರೂ ಹೇಳದ ಕಾರಣ ಅವನು ಸಂಜೆಯವರೆಗೂ ಕೋಲು ಹಿಡಿದೇ ಇದ್ದ.

ಮರುದಿನ ಆ ಜವಾನನೇ ಆಫೀಸಿನ ಸಾಹೇಬರಿಗೆ ಹೇಳಿದ: "ಸಾರ್, ಕಣ್ಣಿಗೆ ಕಂಡ್ರೆ ಮಾತ್ರ ಅಳೆಯೋ ಯಂತ್ರ ಕಟ್ಕೊಂಡು ಏನ್ಮಾಡೋದು? ನಮ್ಮ ಟೇಪಮ್ಮ ಕಣ್ಮುಚ್ಕೊಂಡು ಅಳೀತಾಳೆ."

ಟೇಪಮ್ಮನ ನಿಜವಾದ ಹೆಸರನ್ನು ಊರು ಮರೆತು ಎಷ್ಟೋ ಕಾಲವಾಗಿತ್ತು. ಐವತ್ತು ದಾಟಿದ ಹೆಂಗಸು, ಊರಿನ ಟೈಲರ್. ಕೊರಳಲ್ಲಿ ಹಳದಿ ಟೇಪು, ತುಟಿಗಳ ನಡುವೆ ಎರಡು ಗುಂಡುಸೂಜಿ, ಮಾತೆಲ್ಲ ಆ ಸೂಜಿಗಳ ಸಂದಿಯಿಂದಲೇ. ಊರಿನ ಅಂಚಿನಲ್ಲಿ, ರಸ್ತೆಗೆ ಮುಖ ಮಾಡಿ, ಗಡಿ ಕಲ್ಲುಗಳಿಗೆ ಬೆನ್ನು ಹಾಕಿ ಅವಳ ಹಲಗೆಯ ಅಂಗಡಿ ನಿಂತಿತ್ತು. ಮುಂದಿನಿಂದ ಹಿಂದಕ್ಕೆ ಹನ್ನೊಂದು ಅಡಿ. ಬಾಗಿಲ ಬಳಿ ಕಾಲಿನ ಮೆಷಿನ್ನು, ಅದರ ಪಕ್ಕ ಆರಡಿ ಉದ್ದದ ಕತ್ತರಿಸುವ ಮೇಜು, ಹಿಂದೆ ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಮೂಲೆ, ಆ ಮೂಲೆಯಲ್ಲೊಂದು ಉದ್ದ ಕನ್ನಡಿ, ಕನ್ನಡಿಯ ಪಕ್ಕ ಗಂಡನ ಕುರ್ಚಿ. ಗಂಡ ಬಸ್ ಡ್ರೈವರ್ ಆಗಿ ನಿವೃತ್ತನಾಗಿ ಈಗ ಗುಂಡಿ ಹೊಲಿಯುತ್ತಿದ್ದ. ಮೂವತ್ತು ವರ್ಷ ಸ್ಟೀರಿಂಗ್ ತಿರುಗಿಸಿದ ಕೈ ಅದು. ಅವನು ಹೊಲಿದ ಗುಂಡಿ ಶರ್ಟು ಹರಿದರೂ ಕಿತ್ತು ಬರುತ್ತಿರಲಿಲ್ಲ.

ಮನೆ ಗಂಡನ ಅಪ್ಪ ಕಟ್ಟಿಸಿದ್ದು. ಮಕ್ಕಳು ಅವರವರ ಸಂಸಾರದ ಪಾಲಾಗಿದ್ದರು. ಈ ಹನ್ನೊಂದು ಅಡಿ ಮಾತ್ರ ಟೇಪಮ್ಮನದು. ಮೂವತ್ತೊಂದು ವರ್ಷ ಮೆಷಿನ್ನು ತುಳಿದು ಒಂದೊಂದು ಹಲಗೆಯಾಗಿ ಏರಿಸಿದ್ದು. ಯಾವ ಹಲಗೆ ಯಾರ ಮದುವೆ ಕೋಟಿನಿಂದ ಬಂತು, ಯಾವುದು ಶಾಲೆಯ ಯೂನಿಫಾರಂನಿಂದ ಬಂತು ಎಂದು ಬೆರಳಿಟ್ಟು ತೋರಿಸುತ್ತಿದ್ದಳು.

ಅವಳ ಕೈಯ ಬಟ್ಟೆ ಬಿಗಿಯಾಯಿತು ಎಂದು ವಾಪಸ್ ತಂದವರು ಆ ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಗುಟ್ಟು ದೊಡ್ಡದೇನಲ್ಲ. ಎಲ್ಲ ಹೊಲಿಗೆಯ ಒಳಗೂ ಎರಡಿಂಚು ಬಟ್ಟೆ ಮಡಿಸಿ ಬಿಡುತ್ತಿದ್ದಳು. ಅದಕ್ಕೆ ಅವಳು ಮಾರ್ಜಿನ್ನು ಎನ್ನುತ್ತಿದ್ದಳು. ಊಟ ಹೆಚ್ಚಾದರೆ, ಬಡ್ತಿ ಸಿಕ್ಕರೆ, ಮಗು ಹೊಟ್ಟೆಯಲ್ಲಿದ್ದರೆ, ಆ ಹೊಲಿಗೆ ಬಿಚ್ಚಿ ಎರಡಿಂಚು ಹೊರಗೆ ಬಿಟ್ಟರಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ಊರೆಲ್ಲ ನಗುತ್ತದೆ. ಟೇಪಮ್ಮ ಕೂಸು ಬೆಳೆದು ದಪ್ಪಗಾಗುವುದಕ್ಕೂ ಜಾಗ ಬಿಟ್ಟು ಹೊಲಿಯುತ್ತಿದ್ದಳು.

ಸಾಹೇಬರು ಕರೆಸಿ ಕೇಳಿದಾಗ ಅವಳಿಗೆ ಹೆಮ್ಮೆಯಾಯಿತು. ಅಂಗಡಿ ಊರಿನ ಅಂಚಿನಲ್ಲೇ ಇದೆ ಎಂಬುದೂ ನೆನಪಾಯಿತು. ಹೆಮ್ಮೆಯನ್ನು ಮುಂದಿಟ್ಟುಕೊಂಡು ನೆನಪನ್ನು ಹಿಂದೆ ಸರಿಸಿದಳು.

"ಎಷ್ಟು ದಿನ ಬೇಕು?" ಎಂದರು ಸಾಹೇಬರು.

"ನಿಮ್ಮ ಕೋಟಿಗೆ ಎರಡು ನಿಮಿಷ ಹಿಡೀತು. ಊರು ನಿಮಗಿಂತ ಸ್ವಲ್ಪ ದಪ್ಪ. ಹನ್ನೊಂದು ದಿನ ಕೊಡಿ."

ಜವಾನ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿರುವಾಗಲೇ ಹೊಸ ದಪ್ಪ ಹತ್ತಿ ಬಟ್ಟೆಯ ಥಾನು ಬಿಚ್ಚಿ, ನಾಲ್ಕು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಅಡಿಗೊಂದು ಕೆಂಪು ದಾರದ ಗುರುತು ಹಾಕಿ ನೂರಡಿ ಉದ್ದದ ಟೇಪು ಹೊಲಿದಳು. ಗುರುತುಗಳು ಉಬ್ಬಾಗಿದ್ದವು. ಹೊಗೆಯಲ್ಲಿ ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳಿಗೆ ಸಿಗುತ್ತಿದ್ದವು.

ಮರುದಿನ ಬೆಳಗ್ಗೆ ಗಂಡ ಗಡಿ ಕಲ್ಲಿನ ಬಳಿ ಟೇಪಿನ ತುದಿ ಹಿಡಿದು ಕುಕ್ಕರಗಾಲಲ್ಲಿ ಕುಳಿತ. ಟೇಪಮ್ಮ ಇನ್ನೊಂದು ತುದಿ ಹಿಡಿದು ಊರಿನ ಕಡೆಗೆ ನಡೆದು, ತೊಂಬತ್ತನೆಯ ಗುರುತಿನಲ್ಲಿ ಸುಣ್ಣದ ಪುಡಿಯ ಗೆರೆ ಎಳೆದಳು. ಅಷ್ಟಕ್ಕೆ ನಿಲ್ಲದೆ ನೂರರಲ್ಲಿ ಇನ್ನೊಂದು ಗೆರೆ ಎಳೆದಳು.

"ಇದೇನಮ್ಮ ಇನ್ನೊಂದು?" ಎಂದರು ಸಾಹೇಬರು.

"ಮಾರ್ಜಿನ್ನು ಸಾರ್. ಹತ್ತಡಿ."

"ಆರ್ಡರ್‌ನಲ್ಲಿ ತೊಂಬತ್ತು ಅಂತ ಇದೆ."

"ನಿಮ್ಮ ಕೋಟಿನ ಆರ್ಡರ್‌ನಲ್ಲಿ ಮೂವತ್ತಾರು ಅಂತ ಇತ್ತು. ಈಗ ಎಷ್ಟಾಗಿದೆ, ಇಲ್ಲೇ ಹೇಳ್ಲಾ?"

ಹಿಂದೆ ಜವಾನ ನಿಂತಿದ್ದ. "ಬೇಡ ಬೇಡ," ಎಂದರು ಸಾಹೇಬರು.

"ಅಳತೆ ಕೊಟ್ಟ ದಿನ ಇದ್ದಷ್ಟೇ ಯಾರೂ ಇರಲ್ಲ. ಬೆಂಕೀನೂ ಅಷ್ಟೇ."

ಸಾಹೇಬರು ಒಪ್ಪಿದರು. ಕಡತದಲ್ಲಿ "ಪಟ್ಟಿಗೆ ತೊಂಬತ್ತು ಅಡಿ, ಹೊಲಿಗೆಗೆ ಹತ್ತು ಅಡಿ" ಎಂದು ಬರೆಯಿಸಿದರು. ಮೇಲಿನವರು ಅದನ್ನು ಪ್ರಶ್ನಿಸಲಿಲ್ಲ. ಮೇಲಿನವರು ಯಾವ ಸಾಲಿನಲ್ಲೂ ಮೊದಲನೆಯ ಅಂಕಿ ದಾಟಿ ಓದಿದ ಉದಾಹರಣೆ ಆ ಆಫೀಸಿನಲ್ಲಿರಲಿಲ್ಲ.

ಟೇಪಮ್ಮ ಮುಂದೆ ಮುಂದೆ ಹೋದಂತೆ ಹಿಂದೆ ಕೊಡಲಿ, ಗರಗಸ, ಪೊರಕೆ ಹಿಡಿದವರು ಬಂದರು. ಊರಿನವರೆಲ್ಲ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡಿದ್ದರು. ಯಾರು ಯಾರೆಂದು ಒಬ್ಬರಿಗೊಬ್ಬರಿಗೆ ತಿಳಿಯುತ್ತಿರಲಿಲ್ಲ. ಟೇಪಮ್ಮನಿಗೆ ಮಾತ್ರ ತಿಳಿಯುತ್ತಿತ್ತು, ಏಕೆಂದರೆ ಆ ಬಟ್ಟೆಗಳೆಲ್ಲ ಅವಳ ಅಂಗಡಿಯ ಚೂರುಗಳು. "ನೀಲಿ ಚೌಕಳಿಯವರೇ, ಬೇಲಿ ಹಿಂದೆ ಬಚ್ಚಿಟ್ಕೋಬೇಡಿ, ನಿಮ್ಮ ಮಗಳ ಫ್ರಾಕು ಕಾಣ್ತಿದೆ."

ಚೌಕಾಸಿಗೆ ಬರದವರಿಲ್ಲ. ಮೊದಲು ಬಂದವನು ಸಾಮಿಲ್ ಸಾಹುಕಾರ. ಅವನ ಹಲಗೆ ರಾಶಿಗಳು ಗೆರೆಯಿಂದ ಕಾಡಿನ ಕಡೆಗೆ ಹದಿನಾಲ್ಕಿದ್ದವು.

"ಟೇಪಮ್ಮ, ಇಲ್ಲೊಂದು ಸಣ್ಣ ಮಡಿಕೆ ಹಾಕು. ನನ್ನ ಪ್ಯಾಂಟಿಗೆ ಹಾಕಲ್ವಾ, ಹಾಗೆ."

"ಪ್ಯಾಂಟಿಗೆ ಮಡಿಕೆ ಹಾಕೋದು ಹೊಟ್ಟೆ ಮುಚ್ಚೋಕೆ ಸಾಹುಕಾರ್ರೇ. ಹಲಗೆ ರಾಶೀನ ಬೆಂಕಿಯಿಂದ ಹೇಗೆ ಮುಚ್ಚಲಿ?"

ಮರುದಿನ ಬೆಳಗ್ಗೆ ಅವಳು ಸಾಮಿಲ್ಲಿನ ಹಿಂದಿನ ಗಡಿ ಕಲ್ಲಿನ ಬಳಿ ಬಂದಾಗ ಕಲ್ಲು ಅಲ್ಲಿರಲಿಲ್ಲ. ಐದು ಹೆಜ್ಜೆ ಕಾಡಿನೊಳಗೆ ನಿಂತಿತ್ತು. ಟೇಪಮ್ಮ ಕಲ್ಲಿನ ಬುಡ ಮುಟ್ಟಿ ನೋಡಿದಳು.

"ಸಾಹುಕಾರ್ರೇ, ಈ ಕಲ್ಲಿನ ಬುಡ ಹಸಿ ಇದೆ. ಈ ಬೇಸಿಗೇಲಿ ಕಲ್ಲಿಗೂ ಬೆವರು ಬರುತ್ತಾ?"

"ಕಾಡಿನವರು ಸರಿಸಿರ್ಬೇಕು," ಎಂದ ಸಾಹುಕಾರ, ಮಣ್ಣಾದ ಕೈ ಬೆನ್ನ ಹಿಂದೆ ಇಟ್ಟುಕೊಂಡು.

ಅದರ ಮಾರನೆಯ ದಿನ ಕಾಡಿನ ಕಾವಲುಗಾರ ಆ ಕಲ್ಲನ್ನು ಕಿತ್ತು ತನ್ನ ಲೆಕ್ಕಕ್ಕೂ ಎರಡು ಹೆಜ್ಜೆ ಸೇರಿಸಿ ಊರಿನೊಳಗೆ ನೆಟ್ಟ. ಹೀಗೆ ನಾಲ್ಕು ದಿನ ಕಲ್ಲು ಅತ್ತಿತ್ತ ಓಡಾಡಿತು. ಕೊನೆಗೆ ಟೇಪಮ್ಮ ಅದು ಮೂಲದಲ್ಲಿದ್ದ ಹಳೆಯ ಗುಂಡಿಯನ್ನು ಹುಡುಕಿ, ಕಲ್ಲನ್ನು ಬಿಟ್ಟು ಗುಂಡಿಯಿಂದಲೇ ಅಳೆದಳು.

ಆರನೆಯ ದಿನ ಗೆರೆ ಗಂಡನ ತಂಗಿಯ ಮನೆಗೆ ಬಂತು. ನಾದಿನಿ ಆ ವರ್ಷವೇ ಮನೆಯ ಹಿಂದೆ ಮರದ ಜಗಲಿ ಕಟ್ಟಿಸಿದ್ದಳು, ಬಣ್ಣದ ವಾಸನೆಯೂ ಹೋಗಿರಲಿಲ್ಲ. ತೊಂಬತ್ತರ ಗೆರೆ ಜಗಲಿಯನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋಯಿತು. ಮಾರ್ಜಿನ್ನು ಅದರ ಮೇಲೇ ಬಿತ್ತು.

"ಅತ್ತಿಗೆ, ನಿಮ್ಮ ಮನೆ ಹೆಣ್ಣುಮಗಳ ಹತ್ರನೂ ಮಾರ್ಜಿನ್ನಾ?"

"ನಿನ್ನ ಮದುವೆ ಬಟ್ಟೆಗೂ ಬಿಟ್ಟಿದ್ದೆ ಕಣೆ. ಆಮೇಲೆ ಎಷ್ಟು ಸಲ ಬಿಚ್ಚಿದೀನಿ, ನೆನಪಿದೆಯಾ?"

ಆ ಮಾತು ಆಡಬಾರದಿತ್ತು. ನಾದಿನಿ ಜಗಲಿ ಕೀಳಿಸಿದಳು, ಕಿತ್ತ ಮರವನ್ನು ಒಲೆಗೆ ಹಾಕಿದಳು, ಮತ್ತು ಕೊನೆಯದಾಗಿ ಒಂದು ಮಾತು ಹೇಳಿ ಬಾಗಿಲು ಹಾಕಿಕೊಂಡಳು: "ಊರು ದುಂಡಗಿದೆ ಅತ್ತಿಗೆ. ಟೇಪು ಸುತ್ತಿಕೊಂಡು ನಿಮ್ಮ ಅಂಗಡಿಗೂ ಬರುತ್ತೆ." ಅಂದಿನಿಂದ ಎರಡೂ ಮನೆಗಳ ನಡುವೆ ಮಾತು ನಿಂತಿತು.

ಹನ್ನೊಂದನೆಯ ದಿನ ಟೇಪು ಅಂಗಡಿಗೆ ಬಂತು. ಅಷ್ಟು ಹೊಗೆಯಲ್ಲೂ ಊರಿಗೆ ಊರೇ ಬಂದು ನಿಂತಿತ್ತು. ಯಾರೂ ಮಾತಾಡಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು, ಆ ಕೆಮ್ಮಿನಲ್ಲೂ ಒಂದು ಸಂತೋಷವಿತ್ತು. ಟೇಪಮ್ಮ ಹೆಬ್ಬೆರಳಿನಲ್ಲಿ ಗುರುತು ಎಣಿಸುತ್ತ ಬಂದಳು. ತೊಂಬತ್ತು, ಅಂಗಡಿಯ ಹಿಂಗೋಡೆಗೆ ಇನ್ನೂ ಮೂರಡಿ ಇರುವಾಗಲೇ ಮುಗಿಯಿತು. ಮಾರ್ಜಿನ್ನು ಹಿಂಗೋಡೆ ದಾಟಿ, ಕನ್ನಡಿ ದಾಟಿ, ಗಂಡನ ಕುರ್ಚಿಯನ್ನೂ ದಾಟಿ ಅಂಗಡಿಯ ಏಳಡಿ ನುಂಗಿತು. ಉಳಿದದ್ದು ನಾಲ್ಕಡಿ.

ಸಾಹೇಬರು ಒಳ್ಳೆಯವರು. "ಇಲ್ಲಿ ಹೊಲಿಗೆ ಬೇಡ ಬಿಡಮ್ಮ," ಎಂದರು.

"ಇಲ್ಲಿ ಬೇಡ ಅಂದ್ರೆ ಸಾಮಿಲ್ಲಿಗೂ ಬೇಡ!" ಎಂದಿತು ಹೊಗೆಯೊಳಗಿನಿಂದ ಒಂದು ದನಿ.

ಗಂಡ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: "ಏನೇ, ನಾನು ಆ ತುದೀಲಿ ಟೇಪು ಹಿಡ್ಕೊಂಡು ನಿದ್ದೆ ಹೋಗಿದ್ದೆ, ಟೇಪು ಜಾರ್ತು ಅಂತ ಹೇಳ್ಬಿಡ್ಲಾ? ಮೂವತ್ತು ವರ್ಷ ಬಸ್ಸಲ್ಲಿ ನಿದ್ದೆ ಮಾಡಿಲ್ಲ, ಈಗ ಮಾಡಿದ್ರೆ ಯಾರೂ ಬೈಯಲ್ಲ."

"ಸುಮ್ನಿರ್ರೀ," ಎಂದಳು ಟೇಪಮ್ಮ. ಅಂಗಡಿಯ ಪಕ್ಕದ ಗೋಡೆಯ ಮೇಲೆ, ಮೇಲಿನಿಂದ ಕೆಳಗೆ, ಬಟ್ಟೆಗೆ ಎಳೆದ ಹಾಗೆಯೇ ಸೀಮೆಸುಣ್ಣದಲ್ಲಿ ಗೆರೆ ಎಳೆದಳು.

ಕೊಯ್ಯಲು ಸಾಮಿಲ್ ಸಾಹುಕಾರ ತಾನೇ ಗರಗಸ ತಂದ. ಮೊದಲ ಅರ್ಧ ಗಂಟೆ ಅವನ ಮುಖದಲ್ಲಿ ಮದುವೆ ಮನೆಯ ಕಳೆಯಿತ್ತು. ಆಮೇಲೆ ಒಂದೊಂದು ಹಲಗೆ ಬೀಳುವಾಗಲೂ ಟೇಪಮ್ಮ "ಅದು ನಿಮ್ಮ ಅಣ್ಣನ ಮದುವೆ ಕೋಟು... ಅದು ನಿಮ್ಮ ಮಗನ ಶಾಲೆಯದು..." ಎಂದು ಹೇಳುತ್ತ ನಿಂತದ್ದರಿಂದ ಕಳೆ ಇಳಿಯುತ್ತ ಬಂತು. ಕೊನೆಯ ಹಲಗೆಯನ್ನು ಅವನು ತಲೆ ತಗ್ಗಿಸಿ ಕೊಯ್ದ. ಸಂಜೆಯ ಹೊತ್ತಿಗೆ ಅಂಗಡಿ ಬೀರುವಿನಂತಾಗಿತ್ತು. ಮೆಷಿನ್ನು, ಮೇಜು, ಅವುಗಳ ನಡುವೆ ಟೇಪಮ್ಮ. ಅಳತೆ ಕೊಡಲು ಬಂದವರು ರಸ್ತೆಯಲ್ಲೇ ನಿಂತು ಕೈ ಅಗಲಿಸಬೇಕು. ಗಂಡನ ಕುರ್ಚಿಗೆ ಜಾಗವಿರಲಿಲ್ಲ. ಪಟ್ಟಿಯಲ್ಲಿ ಇಡೋಣವೆಂದರೆ ಕುರ್ಚಿ ಮರದ್ದು. ಸಾಹೇಬರು ಅದಕ್ಕೊಂದು ನೋಟೀಸು ಕೊಟ್ಟರು.

ಆಮೇಲೆ ಹನ್ನೆರಡು ದಿನ ಏನೂ ಆಗಲಿಲ್ಲ. ಬೆಂಕಿ ಗುಡ್ಡದಾಚೆ ಕುಳಿತು ಬರಲೋ ಬೇಡವೋ ಎಂದು ಗಿರಾಕಿಯ ಹಾಗೆ ಯೋಚಿಸುತ್ತಿತ್ತು. ಬೋಳು ಪಟ್ಟಿ ಊರಿನ ಸುತ್ತ ಖಾಲಿ ಬಿದ್ದಿತ್ತು. ಖಾಲಿ ಜಾಗ ನೋಡಿದರೆ ಮನುಷ್ಯನಿಗೆ ತಾನೇ ಮೋಸ ಹೋದೆನೇನೋ ಅನ್ನಿಸುತ್ತದೆ. ಹದಿಮೂರನೆಯ ದಿನ ಸಾಹುಕಾರ ಇಪ್ಪತ್ತು ಜನರನ್ನು ಕಟ್ಟಿಕೊಂಡು ಆಫೀಸಿಗೆ ಹೋದ.

"ಸಾರ್, ಮಾರ್ಜಿನ್ನು ಅಂದ್ರೆ ಏನು? ಬೇಕಾದಾಗ ಬಿಚ್ಚೋಕೆ ಅಂತ ಬಿಟ್ಟಿದ್ದು. ಟೇಪಮ್ಮನೇ ಹೇಳೋದು. ನಮಗೆ ಈಗ ಬೇಕು. ಬಿಚ್ಚಿಸಿ ಕೊಡಿ."

ಸಾಹೇಬರು ಕಡತ ನೋಡಿದರು. ಹೊಲಿಗೆಗೆ ಹತ್ತು ಅಡಿ ಎಂದು ಅವರ ಸಹಿಯೇ ಇತ್ತು. ಹೊಲಿಗೆ ಬಿಚ್ಚಬಾರದು ಎಂದು ಎಲ್ಲೂ ಇರಲಿಲ್ಲ. ಮಾರನೆಯ ದಿನ ಹತ್ತು ಗಂಟೆಗೆ ಆಫೀಸಿನ ಅಂಗಳದಲ್ಲಿ ಎಲ್ಲರೂ ಸೇರಿ ಹತ್ತಡಿ ಹಿಂದಕ್ಕೆ ಕೊಡುವುದೆಂದು ನಿಶ್ಚಯವಾಯಿತು.

ಸುದ್ದಿ ಕೇಳಿ ಟೇಪಮ್ಮ ಬಾಯಲ್ಲಿ ಬೈದಳು, ಮನಸ್ಸಿನಲ್ಲಿ ಹಿಂಗೋಡೆ ಕಟ್ಟಿದಳು. ತೊಂಬತ್ತು ಹೇಗೂ ಉಳಿಯುತ್ತದೆ, ಆರ್ಡರ್ ಇರುವುದೇ ಅಷ್ಟು. ಏಳಡಿ ಮರಳಿ ಬಂದರೆ ಕನ್ನಡಿ ಎಲ್ಲಿ, ಪರದೆ ಎಲ್ಲಿ ಎಂದು ಲೆಕ್ಕ ಹಾಕುತ್ತ, ನಾಳೆಯ ಕೆಲಸಕ್ಕೆಂದು ಉದ್ದನೆಯ ಟೇಪನ್ನು ಮೇಜಿನ ಮೇಲೆ ಹರಡಿ ಮಡಿಸತೊಡಗಿದಳು. ಮೇಜಿನ ಉದ್ದ ಸರಿಯಾಗಿ ಆರಡಿ. ಟೇಪಿನ ಆರನೆಯ ಗುರುತು ಮೇಜಿನ ತುದಿ ಮುಟ್ಟಲಿಲ್ಲ. ಅರ್ಧ ಅಡಿ ಹಿಂದೆಯೇ ನಿಂತಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಟೇಪಮ್ಮನೂ ಮೊದಲು ಮೇಜನ್ನೇ ಅನುಮಾನಿಸಿದಳು. ಕೊರಳಿನ ಹಳದಿ ಟೇಪು ಇಟ್ಟು ನೋಡಿದಳು. ಮೇಜು ಎಷ್ಟಿತ್ತೋ ಅಷ್ಟೇ ಇತ್ತು.

"ರೀ, ಈ ಟೇಪಿಗೆ ನೀರು ಹಾಕಿದ್ರಾ?"

"ಹಾಕದೆ?" ಎಂದ ಗಂಡ, ಹೊರಗೆ ರಸ್ತೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದವನು. "ನೀನು ಹೊಲಿದು ಮುಗಿಸಿದ ದಿನಾನೇ ಬಕೆಟ್ಟಲ್ಲಿ ಅದ್ದಿ ಒಣಗಿ ಹಾಕ್ದೆ. ಕಿಡಿ ಬಿದ್ದು ಹೊತ್ಕೊಂಡ್ರೆ? ಆಮೇಲೆ ದಿನಾ ಸಂಜೆ ಮಸಿ ಹೋಗ್ಲಿ ಅಂತ ಅದ್ದುತ್ತಿದ್ದೆ. ನಿನಗೆ ಹೇಳ್ಲಿಲ್ಲ. ಹೊಗಳಿಸ್ಕೊಳ್ಳೋ ಆಸೆ ನನಗಿಲ್ಲ."

ಟೇಪಮ್ಮ ಮೇಜಿನ ಅಂಚು ಹಿಡಿದು ಕುಳಿತಳು. ಹೊಸ ಹತ್ತಿ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಕತ್ತರಿ ಹಿಡಿಯುವ ಮೊದಲು ಬಟ್ಟೆ ನೆನೆಸಿ ಒಣಗಿಸು ಎಂಬುದು ಟೈಲರನಿಗೆ ಮೊದಲ ದಿನದ ಪಾಠ. ನೆನೆಸದೆ ಬಟ್ಟೆ ತಂದವರನ್ನು ಅವಳು ಬಾಗಿಲಿನಿಂದಲೇ ಬೈದು ಓಡಿಸುತ್ತಿದ್ದಳು; ಒಮ್ಮೆ ಸಾಹೇಬರ ಹೆಂಡತಿಯನ್ನೇ ಓಡಿಸಿದ್ದಳು. ಅಂಥವಳು ಊರಿನ ಅಳತೆಗೆ, ಜವಾನ ಬಾಗಿಲಲ್ಲಿ ನಿಂತಿದ್ದಾನೆಂಬ ಅವಸರದಲ್ಲಿ, ಥಾನಿನಿಂದ ಹಾಗೆಯೇ ಕತ್ತರಿಸಿ ಹೊಲಿದಿದ್ದಳು. ನೂರರ ಗುರುತು ಈಗ ತೊಂಬತ್ತೆರಡಕ್ಕಿತ್ತು. ತೊಂಬತ್ತರ ಗುರುತು ಎಂಬತ್ಮೂರಕ್ಕೆ ಬಂದಿತ್ತು. ನಾಳೆ ಹತ್ತು ಗಂಟೆಗೆ ಮಾರ್ಜಿನ್ನು ಬಿಚ್ಚಿದರೆ ಊರಿಗೂ ಕಾಡಿಗೂ ನಡುವೆ ಎಂಬತ್ಮೂರೇ ಅಡಿ ಉಳಿಯುವುದು.

ಗಂಡನಿಗೆ ವಿಷಯ ತಿಳಿದಾಗ ಅವನು ಕುರ್ಚಿ ಸಮೇತ ಹತ್ತಿರ ಬಂದ.

"ಯಾರಿಗೂ ಹೇಳ್ಬೇಡ. ಏಳಡಿ ಕಮ್ಮಿ ಆದ್ರೆ ಬೆಂಕಿಗೇನು ಗೊತ್ತಾಗುತ್ತೆ? ಅದರ ಹತ್ರ ಟೇಪಿದೆಯಾ? ನಿನ್ನ ಅಂಗಡಿ ವಾಪಸ್ ಬರುತ್ತೆ, ನಿನ್ನ ಹೆಸರೂ ಉಳಿಯುತ್ತೆ."

"ಹೇಳಿದ್ರೆ?"

"ಹೇಳಿದ್ರೆ ಅಂಗಡೀನೂ ಇಲ್ಲ, ಹೆಸರೂ ಇಲ್ಲ. ನೆನೆಸದೆ ಹೊಲಿಯೋ ಟೈಲರ್‌ಗೆ ಯಾರು ಬಟ್ಟೆ ಕೊಡ್ತಾರೆ? ಬೇಕಾದ್ರೆ ಅದ್ದಿದ್ದು ನಾನು ಅಂತ ನನ್ನ ತಲೆ ಮೇಲೆ ಹಾಕು."

"ಅದ್ದಿದ್ದು ತಪ್ಪಲ್ಲ. ಅದ್ದದೆ ಹೊಲಿದದ್ದು ತಪ್ಪು." ಅವಳು ಟೇಪನ್ನು ಸುತ್ತಿ ಪಕ್ಕಕ್ಕಿಟ್ಟಳು. "ಶರ್ಟು ಬಿಗಿಯಾದ್ರೆ ವಾಪಸ್ ತಂದು ನನ್ನ ಮುಖದ ಮೇಲೆ ಎಸೀತಾರೆ ಕಣ್ರೀ. ಊರು ಸುಟ್ಟುಹೋದ್ರೆ ಏನು ತಂದು ಎಸೀತಾರೆ?"

ಅವಳು ಮೇಜಿನ ಮೇಲೆ ತಲೆಯಿಟ್ಟಳು. ಮನಸ್ಸಿನಲ್ಲಿ ಕಟ್ಟಿದ ಹಿಂಗೋಡೆಯನ್ನು ತಾನೇ ಕೊಯ್ಯುವುದು ಗರಗಸದ ಕೆಲಸಕ್ಕಿಂತ ಕಷ್ಟವಾಗಿತ್ತು.

ಮರುದಿನ ಹತ್ತು ಗಂಟೆಗೆ ಆಫೀಸಿನ ಅಂಗಳ ತುಂಬಿತ್ತು. ಸಾಹುಕಾರ ಹದಿನಾಲ್ಕು ರಾಶಿಗೆ ಗಾಡಿ ಹೂಡಿಸಿಯೇ ಬಂದಿದ್ದ. ಟೇಪಮ್ಮ ಮೆಟ್ಟಿಲ ಮೇಲೆ ನಿಂತು ಬಾಯಿಯ ಗುಂಡುಸೂಜಿ ತೆಗೆದಳು. ಸೂಜಿಯಿಲ್ಲದ ಅವಳ ಬಾಯನ್ನು ಎಷ್ಟೋ ಜನ ಮೊದಲ ಸಲ ನೋಡಿದರು.

"ಮಾರ್ಜಿನ್ನು ಬಿಚ್ಚೋಕಾಗಲ್ಲ," ಎಂದಳು. "ಟೇಪು ಕುಗ್ಗಿದೆ. ತೊಂಬತ್ತು ಅಂದಿದ್ದು ಎಂಬತ್ಮೂರು. ಬಟ್ಟೆ... ಬಟ್ಟೆ ನಾನು ನೆನೆಸಿರ್ಲಿಲ್ಲ."

ಅಂಗಳದಲ್ಲಿ ಕೆಮ್ಮು ಕೂಡ ನಿಂತಿತು.

"ಏನಂದೆ?" ಎಂದ ಸಾಹುಕಾರ ನಿಧಾನವಾಗಿ.

"ನೆನೆಸಿರ್ಲಿಲ್ಲ."

"ನೀನು?"

"ನಾನೇ."

ಎಂಬತ್ಮೂರು ಅಡಿಯ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಬೆಂಕಿ ಎಷ್ಟು ದೂರದಲ್ಲಿದೆ ಎಂದೂ ಕೇಳಲಿಲ್ಲ. ಹಿಂದಿನ ಸಾಲಿನಿಂದ ಸಾಹೇಬರ ಹೆಂಡತಿ, "ಹೇಳೋದು ಆಚಾರ, ತಿನ್ನೋದು ಬದನೆಕಾಯಿ!" ಎಂದು ಕೂಗಿದಳು. ಅಷ್ಟು ಸಾಕಾಯಿತು. ಮೂಗಿನ ಬಟ್ಟೆಗಳ ಹಿಂದೆ ಊರಿಗೆ ಊರೇ ನಗತೊಡಗಿತು. ಹದಿನಾರು ವರ್ಷದ ಹಿಂದೆ ನೆನೆಸದ ಬಟ್ಟೆ ತಂದು ಬೈಸಿಕೊಂಡವನು ಅಳುವಷ್ಟು ನಕ್ಕ. ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮೂಗಿನ ಬಟ್ಟೆ ಬಿಚ್ಚಿ ನೋಡಿದಾಗ ಅಕ್ಕಪಕ್ಕದ ಮನೆಯವರೇ ಆಗಿದ್ದರು.

ಸಾಹೇಬರು ಮಾತ್ರ ಕಾಗದದಲ್ಲಿ ಕೂಡಿಸುತ್ತಿದ್ದರು. "ಹಾಗಾದ್ರೆ ಹೊಲಿಗೆ ಸೇರಿ ಒಟ್ಟು ಎಷ್ಟಮ್ಮ?"

"ತೊಂಬತ್ತೆರಡು ಸಾರ್."

"ಆರ್ಡರ್ ತೊಂಬತ್ತು. ಅಂದ್ರೆ ಎರಡಡಿ ಹೆಚ್ಚಿದೆ."

"ಆ ಎರಡಡಿ ಬಿಡಿ ಮತ್ತೆ!" ಎಂದ ಸಾಹುಕಾರ, ನಗು ನಿಲ್ಲಿಸದೆ. ನಗುವಿನ ನಡುವೆಯೂ ಅವನು ವ್ಯಾಪಾರ ಮರೆಯುವವನಲ್ಲ.

ಹೀಗೆ ಎಲ್ಲರಿಗೂ ಎರಡೆರಡು ಅಡಿ ಮರಳಿ ಸಿಕ್ಕಿತು. ನಾದಿನಿಯ ಜಗಲಿಗೆ ಎರಡಡಿಯಿಂದ ಏನೂ ಆಗುವಂತಿರಲಿಲ್ಲ. ಸಾಹುಕಾರ ಅದರಲ್ಲೂ ಒಂದು ತೆಳ್ಳಗಿನ ರಾಶಿ ಒಟ್ಟಿದ. ಟೇಪಮ್ಮನ ಅಂಗಡಿ ನಾಲ್ಕಡಿಯಿಂದ ಆರಡಿಗೆ ಬಂತು. ಗಂಡನ ಕುರ್ಚಿ ಒಳಗೆ ಬಂತು, ಕನ್ನಡಿ ಬರಲಿಲ್ಲ.

ಅದಾದ ನಾಲ್ಕನೆಯ ದಿನ ಮಧ್ಯಾಹ್ನ ಗಾಳಿ ತಿರುಗಿ ಬೆಂಕಿ ಗುಡ್ಡ ಇಳಿಯಿತು. ಗಡಿ ಕಲ್ಲುಗಳವರೆಗೆ ಅದು ಓಡಿಯೇ ಬಂತು. ಕಾಡಿನ ಇಲಾಖೆ ಮುಟ್ಟಬೇಡಿ ಎಂದಿದ್ದ ಎಲೆಗಳೆಲ್ಲ ಒಂದು ಗಂಟೆಯಲ್ಲಿ ಮುಗಿದವು. ಪಟ್ಟಿಗೆ ಬಂದಾಗ ಅದಕ್ಕೆ ತಿನ್ನಲು ಏನೂ ಸಿಗಲಿಲ್ಲ. ಕಿಡಿಗಳು ಹಾರಿ ಬಂದವು. ಜನ ಒದ್ದೆ ಗೋಣಿಚೀಲದಲ್ಲಿ ಬಡಿದರು. ಟೇಪಮ್ಮ ತನ್ನ ಹಿಂಗೋಡೆಯ ಮೇಲೆ ಬಕೆಟ್ ಬಕೆಟ್ ನೀರು ಎರಚುತ್ತ ನಿಂತಳು, ಗಂಡ ಬಾವಿಯಿಂದ ತಂದುಕೊಡುತ್ತ ಓಡಾಡಿದ. ಅಂಗಡಿಯ ಹಲಗೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಯಿತು, ಆದರೆ ಹೊತ್ತಿಕೊಳ್ಳಲಿಲ್ಲ. ಸಾಹುಕಾರನ ಎರಡಡಿಯ ರಾಶಿಯಲ್ಲಿ ಹೊರಗಿನ ಸಾಲಿನ ಹಲಗೆಗಳ ತುದಿ ಕಪ್ಪಾಗಿ ನಿಂತವು. ಸಂಜೆಗೆ ಬೆಂಕಿ ಊರನ್ನು ಸುತ್ತಿಕೊಂಡು ಕಣಿವೆಯ ಕಡೆ ಹೋಯಿತು.

ಸಾಹುಕಾರ ಆ ಕಪ್ಪು ತುದಿಗಳನ್ನು ಬಂದವರಿಗೆಲ್ಲ ತೋರಿಸಿದ. "ನೋಡಿ, ಇಲ್ಲೀವರೆಗೆ ಬಂದಿತ್ತು," ಎನ್ನುತ್ತಿದ್ದ. ಜನ ಬೆರಳಿನಿಂದ ಮಸಿ ಮುಟ್ಟಿ ನೋಡಿ, ಆಮೇಲೆ ಕೇಳುತ್ತಿದ್ದರು: "ಅದಿರ್ಲಿ, ಅವಳು ನೆನೆಸೇ ಇರ್ಲಿಲ್ವಂತೆ, ಹೌದಾ?" ಪಕ್ಕದ ಊರಿನಿಂದ ಬೆಂಕಿ ಆರಿಸಲು ಬಂದವರು ಕೂಡ ನೀರು ಕುಡಿಯುವ ಮೊದಲು ಆ ಟೈಲರ್ ಯಾರು ಎಂದು ವಿಚಾರಿಸಿದರು. ಬಟ್ಟೆ ಹೊಲಿಸಲು ಬರುವವರು ಕಡಿಮೆಯಾಗಲಿಲ್ಲ. ಹೆಚ್ಚೇ ಆದರು, ಎಲ್ಲರಿಗೂ ಆ ಪ್ರಶ್ನೆಯನ್ನು ಅವಳ ಎದುರಿಗೇ ಕೇಳಬೇಕಿತ್ತು, ಬರಿಗೈಯಲ್ಲಿ ಬಂದು ಕೇಳಲು ನಾಚಿಕೆ.

ಬೆಂಕಿ ದಾಟಿಹೋದ ಮೂರನೆಯ ದಿನ ಮಧ್ಯಾಹ್ನ ನಾದಿನಿ ಬಂದಳು. ಜಗಲಿ ಕಿತ್ತ ಮೇಲೆ ಮೊದಲ ಸಲ. ಕಂಕುಳಲ್ಲಿ ಒಂದು ತುಂಡು ಬಟ್ಟೆ ಇತ್ತು, ಮುಖ ಬಿಗಿಯಾಗಿತ್ತು. ಬಾಗಿಲಲ್ಲಿ ನಿಂತು ಅಂಗಡಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಆರಡಿ ನೋಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅತ್ತಿಗೆ," ಎಂದಳು. "ನಿಜಾನಾ?"

"ನಿಜ ಕಣೆ."

"ಒಂಚೂರೂ ನೆನೆಸಿರ್ಲಿಲ್ವಾ?"

"ಒಂಚೂರೂ ಇಲ್ಲ. ಥಾನಿಂದ ಹಾಗೇ ಕತ್ತರಿಸ್ದೆ."

ನಾದಿನಿಯ ಮುಖ ಸಡಿಲವಾಗತೊಡಗಿತು. ತುಟಿ ಕಚ್ಚಿದಳು, ಆಗಲಿಲ್ಲ. ಬಟ್ಟೆಯ ತುಂಡನ್ನು ಬಾಯಿಗಿಟ್ಟುಕೊಂಡು ನಕ್ಕಳು, ನಗುತ್ತ ಕೆಮ್ಮಿದಳು, ಕೆಮ್ಮುತ್ತ ಕುಳಿತುಕೊಳ್ಳಲು ಜಾಗ ಹುಡುಕಿದಳು. ಗಂಡ ಎದ್ದು ತಂಗಿಗೆ ಕುರ್ಚಿ ಬಿಟ್ಟು ಚಹಾ ತರಲು ಹೊರಗೆ ಹೋದ. ಟೇಪಮ್ಮ ಮೇಜನ್ನು ಗೋಡೆಗೆ ತಳ್ಳಿ ನಾದಿನಿಯ ಮೊಣಕಾಲು ಒಳಗೆ ಬರುವಷ್ಟು ದಾರಿ ಮಾಡಿದಳು.

"ಜವಾನ ಬಂದು ನಿಂತಿದ್ನಲ್ಲ, ಅಲ್ಲಿಂದ ಹೇಳಿ," ಎಂದಳು ನಾದಿನಿ ಕಣ್ಣೊರೆಸಿಕೊಂಡು, ಹಿಂದೆ ಕೈ ಚಾಚಿ ಬಾಗಿಲು ಹಾಕಿಕೊಳ್ಳುತ್ತ. "ಏನೂ ಬಿಡ್ಬೇಡಿ."